ಗ್ರೇಡ್ ಸರಿ, ಹದ ಯಾವುದು?

ಕ್ರೋಮ್-ಮಾಲಿ, ಅಂದರೆ ಕ್ರೋಮಿಯಂ ಮತ್ತು ಮಾಲಿಬ್ಡಿನಂ ಬೆರೆಸಿದ ಉಕ್ಕಿನ ಪ್ಲೇಟು ಕೊಳ್ಳುವವರು ಉಕ್ಕಿನ ಮಿಲ್ ಕೊಡುವ ಪರೀಕ್ಷಾ ಸರ್ಟಿಫಿಕೇಟಿನಲ್ಲಿ ಮೊದಲು ಹುಡುಕುವುದು ಎರಡು ಅಂಕಿಗಳನ್ನು: ಕ್ರೋಮಿಯಂ ಎಷ್ಟು, ಮಾಲಿಬ್ಡಿನಂ ಎಷ್ಟು. ಒತ್ತಡದ ಪಾತ್ರೆಗಳ ಇಂಥ ಪ್ಲೇಟುಗಳಿಗಿರುವ ಎಸ್‌ಎ 387 ಮಾನದಂಡದಲ್ಲಿ 2.25 ಮತ್ತು 1 ಶೇಕಡಾ ಇದ್ದರೆ ಗ್ರೇಡ್ 22, 1.25 ಮತ್ತು ಅರ್ಧ ಇದ್ದರೆ ಗ್ರೇಡ್ 11. ಇಷ್ಟು ನೋಡಿ ಕಾಗದವನ್ನು ಫೈಲಿಗೆ ಸೇರಿಸುತ್ತಾರೆ. ತಪಾಸಣೆಯ ಕೆಲಸದಲ್ಲಿ ನನಗೆ ತಲೆನೋವು ತಂದ ಪ್ಲೇಟುಗಳಲ್ಲಿ ಹೆಚ್ಚಿನವು ಈ ಎರಡು ಅಂಕಿಗಳ ಮಟ್ಟಿಗೆ ಪೂರ್ತಿ ಸರಿಯಾಗಿಯೇ ಇದ್ದವು.

ಮೊದಲಿಗೆ ಒಂದು ಗೊಂದಲ ಬಿಡಿಸಿಬಿಡುತ್ತೇನೆ. ಬಾಯ್ಲರ್ ಎಂದ ಕೂಡಲೇ ಅದರ ಮೈಯೆಲ್ಲ ಅಲಾಯ್ ಉಕ್ಕು ಎಂದುಕೊಳ್ಳುವವರಿದ್ದಾರೆ. ಸಕ್ಕರೆ ಕಾರ್ಖಾನೆಗಳ ಸಹವಿದ್ಯುತ್ ಘಟಕಗಳಲ್ಲಿ 110 ಬಾರ್ ಒತ್ತಡದ, 540 ಡಿಗ್ರಿ ಸೆಲ್ಸಿಯಸ್ ಉಗಿ ಕೊಡುವ ಬಾಯ್ಲರುಗಳಿವೆ. ಆ 540 ಡಿಗ್ರಿ ಇರುವುದು, ಉಗಿಯನ್ನು ಇನ್ನಷ್ಟು ಕಾಯಿಸುವ ಸೂಪರ್‌ಹೀಟರ್ ದಾಟಿ ಬಂದ ಉಗಿಯಲ್ಲಿ. ಡ್ರಮ್ಮಿನಲ್ಲಿ ನೀರು ಮತ್ತು ಉಗಿ ಒಟ್ಟಿಗೇ ಇರುವುದರಿಂದ ಅಲ್ಲಿನ ಉಷ್ಣಾಂಶ 325 ಡಿಗ್ರಿಯ ಆಸುಪಾಸಿನಲ್ಲಿ ನಿಲ್ಲುತ್ತದೆ. ಅದಕ್ಕೆ ಕಾರ್ಬನ್ ಬಾಯ್ಲರ್ ಪ್ಲೇಟು ಸಾಕು. ಕ್ರೋಮ್-ಮಾಲಿ ಬೇಕಾಗುವುದು ಸೂಪರ್‌ಹೀಟರಿನ ಸಣ್ಣ ಕೊಳವೆಗಳು ಬಂದು ಸೇರುವ ಹೆಡರುಗಳಿಗೆ, ಮುಖ್ಯ ಉಗಿ ಕೊಳವೆಗೆ. ಪ್ಲೇಟಿನ ರೂಪದಲ್ಲಿ ಅದರ ದೊಡ್ಡ ಗಿರಾಕಿಗಳು ತೈಲ ಸಂಸ್ಕರಣಾಗಾರಗಳು ಮತ್ತು ರಸಗೊಬ್ಬರ ಕಾರ್ಖಾನೆಗಳು: ಹೈಡ್ರೋಜನ್ ತುಂಬಿದ ರಿಯಾಕ್ಟರುಗಳು, ಬಿಸಿ ಸೆಪರೇಟರುಗಳು, ಕೋಕ್ ಡ್ರಮ್ಮುಗಳು. ಮಂಗಳೂರಿನ ಎಂಆರ್‌ಪಿಎಲ್‌ನಲ್ಲಿ ಹೈಡ್ರೋಜನ್ ಸೇರಿಸಿ ಭಾರದ ತೈಲ ಒಡೆಯುವ ಹೈಡ್ರೋಕ್ರ್ಯಾಕರ್ ಮತ್ತು ಉಳಿಕೆ ತೈಲವನ್ನು ಕೋಕ್ ಮಾಡುವ ಕೋಕರ್, ಎರಡೂ ಬಗೆಯ ಘಟಕಗಳಿವೆ.

ಎರಡು ಲೋಹಗಳ ಕೆಲಸ ಬೇರೆ ಬೇರೆ. ಬಿಸಿಯಲ್ಲಿ ಭಾರ ಹೊತ್ತ ಉಕ್ಕು ವರ್ಷಗಟ್ಟಲೆ ಸದ್ದಿಲ್ಲದೆ ಹಿಗ್ಗುವುದಕ್ಕೆ ಕ್ರೀಪ್ ಎನ್ನುತ್ತೇವೆ. ಅದನ್ನು ತಡೆಹಿಡಿಯುವುದು ಮುಖ್ಯವಾಗಿ ಮಾಲಿಬ್ಡಿನಂ. ಹಾಗಾದರೆ ಅದೊಂದೇ ಸಾಲದೇ ಎಂಬ ಪ್ರಶ್ನೆಗೆ 1943ರಲ್ಲಿ ಅಮೆರಿಕದ ಪೆನ್ಸಿಲ್ವೇನಿಯಾದ ಸ್ಪ್ರಿಂಗ್‌ಡೇಲ್ ವಿದ್ಯುತ್ ಸ್ಥಾವರದಲ್ಲಿ ಉತ್ತರ ಸಿಕ್ಕಿತು. ಅಲ್ಲಿ ಅರ್ಧ ಶೇಕಡಾ ಮಾಲಿಬ್ಡಿನಂ ಇದ್ದ, ಕ್ರೋಮಿಯಂ ಇಲ್ಲದ ಉಗಿ ಕೊಳವೆ ವೆಲ್ಡಿನ ಪಕ್ಕದಲ್ಲೇ ಸೀಳಿತು. ಉಕ್ಕಿನೊಳಗಿನ ಕಾರ್ಬೈಡ್ ಒಡೆದು ಗ್ರಾಫೈಟ್ ಆಗಿತ್ತು. ಕ್ರೋಮಿಯಂ ಆ ಕಾರ್ಬೈಡನ್ನು ಒಡೆಯದಂತೆ ಹಿಡಿದಿಡುತ್ತದೆ. ಹೈಡ್ರೋಜನ್ನಿನ ಎದುರು ಉಪಯೋಗಕ್ಕೆ ಬರುವುದೂ ಇದೇ ಗುಣ. ಬಿಸಿ ಹೈಡ್ರೋಜನ್ ಉಕ್ಕಿನೊಳಗೆ ನುಸುಳಿ ಕಾರ್ಬನ್ನಿನೊಂದಿಗೆ ಸೇರಿ ಮೀಥೇನ್ ಆಗುತ್ತದೆ. ಮೀಥೇನ್ ಹೊರಬರಲಾಗದೆ ಒಳಗೇ ಬಿರುಕು ಬಿಡಿಸುತ್ತದೆ. ಯಾವ ಉಕ್ಕು ಎಷ್ಟು ಉಷ್ಣಾಂಶ, ಎಷ್ಟು ಹೈಡ್ರೋಜನ್ ಒತ್ತಡ ತಾಳುತ್ತದೆ ಎಂಬುದನ್ನು ತೋರಿಸುವ ನೆಲ್ಸನ್ ರೇಖೆಗಳು 1949ರಿಂದ ಬಳಕೆಯಲ್ಲಿವೆ. ಅವುಗಳನ್ನು ಲಕ್ಷ್ಮಣರೇಖೆ ಎಂದು ನಂಬುವುದೂ ಅಪಾಯವೇ. 2010ರ ಏಪ್ರಿಲ್‌ನಲ್ಲಿ ವಾಷಿಂಗ್ಟನ್ ರಾಜ್ಯದ ಅನಾಕೋರ್ಟಿಸ್‌ನ ಸಂಸ್ಕರಣಾಗಾರದಲ್ಲಿ ಕಾರ್ಬನ್ ಉಕ್ಕಿನ ಹೀಟ್ ಎಕ್ಸ್‌ಚೇಂಜರ್ ಸಿಡಿದು ಏಳು ಜನ ಸತ್ತರು. ಸಿಡಿದ ಭಾಗ ಬಹುಶಃ ರೇಖೆಯ ಕೆಳಗೇ, ಅಂದರೆ ಸುರಕ್ಷಿತ ಎನ್ನಿಸಿಕೊಂಡ ವಲಯದಲ್ಲೇ ಕೆಲಸ ಮಾಡುತ್ತಿತ್ತು ಎಂದು ತನಿಖಾ ಮಂಡಳಿ ಹೇಳಿತು. ನಂತರ ರೇಖೆಯನ್ನೇ ತಿದ್ದಬೇಕಾಯಿತು.

ಇನ್ನು ಹದದ, ಅಂದರೆ ಕಾಯಿಸಿ ತಣಿಸಿ ಉಕ್ಕಿಗೆ ತಂದ ಸ್ಥಿತಿಯ ವಿಷಯ. ಗ್ರೇಡ್ 22ರಲ್ಲಿ ಎರಡು ಕ್ಲಾಸುಗಳಿವೆ. ರಾಸಾಯನಿಕವಾಗಿ ಎರಡೂ ಒಂದೇ. ಕ್ಲಾಸ್ 1ರ ಕನಿಷ್ಠ ಟೆನ್ಸೈಲ್ ಶಕ್ತಿ, ಅಂದರೆ ಮುರಿಯುವ ಮುನ್ನ ಎಳೆತ ತಾಳುವ ಶಕ್ತಿ, 415 ಮೆಗಾಪಾಸ್ಕಲ್, ಕ್ಲಾಸ್ 2ರದು 515. ಅಂತರ ಹುಟ್ಟುವುದು ಹೀಟ್ ಟ್ರೀಟ್‌ಮೆಂಟಿನಲ್ಲಿ. ಕ್ಲಾಸ್ 2 ಪ್ಲೇಟನ್ನು ಮಿಲ್ಲಿನಲ್ಲಿ ಕಾಯಿಸಿ ಗಾಳಿಯಲ್ಲೋ, ದಪ್ಪವಿದ್ದರೆ ಇನ್ನೂ ವೇಗವಾಗಿಯೋ ತಣಿಸಿ, ಆಮೇಲೆ 675 ಡಿಗ್ರಿಗೆ ಕಡಿಮೆಯಿಲ್ಲದಂತೆ ಮತ್ತೆ ಕಾಯಿಸಿ ಟೆಂಪರ್ ಮಾಡಿರುತ್ತಾರೆ. ಆ ಪ್ಲೇಟು ನಮ್ಮ ಷಾಪಿಗೆ ಬಂದು, ಬಾಗಿ, ವೆಲ್ಡ್ ಆಗಿ, ಒಳಗೆ ಉಳಿದ ಬಿಗಿತ ಸಡಿಲಿಸುವ ಸ್ಟ್ರೆಸ್ ರಿಲೀವಿಂಗ್‌ಗೆಂದು ಫರ್ನೇಸ್ ಹೊಕ್ಕಾಗ ಅಲ್ಲಿಯೂ ಹೆಚ್ಚುಕಡಿಮೆ ಅದೇ ಉಷ್ಣಾಂಶ, ಅದೂ ಗಂಟೆಗಟ್ಟಲೆ. ಅನ್ನ ಬೆಂದ ಮೇಲೂ ಉರಿ ಆರಿಸದಿದ್ದರೆ ಏನಾಗುತ್ತದೋ ಇಲ್ಲಿಯೂ ಅದೇ ಆಗುತ್ತದೆ: ಫರ್ನೇಸಿನ ಪ್ರತಿ ಸುತ್ತಿಗೂ ಉಕ್ಕು ಇನ್ನಷ್ಟು ಮೆತ್ತಗಾಗುತ್ತದೆ.

ಒಂದು ಷಾಪಿನಲ್ಲಿ ನಾನು ನೋಡಿದ ವೆಸೆಲ್ಲಿನ, ಅಂದರೆ ಒತ್ತಡದ ಪಾತ್ರೆಯ, ಕ್ಲಾಸ್ 2 ಪ್ಲೇಟಿಗೆ ಮಿಲ್ಲಿನ ಟೆನ್ಸೈಲ್ ಅಂಕಿ ಮಿತಿಗಿಂತ ಕೊಂಚವೇ ಮೇಲಿತ್ತು. ಮೊದಲ ಸುತ್ತಿನ ನಂತರ ಕೊಳವೆ ಜೋಡಿಸುವ ಬಾಯಿಯ, ಅಂದರೆ ನಾಜಲಿನ ವೆಲ್ಡಿನಲ್ಲಿ ದೋಷ ಸಿಕ್ಕಿತು. ಕೊರೆದು, ತುಂಬಿ, ಮತ್ತೆ ಫರ್ನೇಸಿಗೆ ಹಾಕಿದರು. ಪರೀಕ್ಷಾ ತುಂಡು 515ರ ಕೆಳಗೆ ಮುರಿಯಿತು. ಪ್ಲೇಟು ಕೆಟ್ಟದ್ದಲ್ಲ, ವೆಲ್ಡರೂ ಕೆಟ್ಟವನಲ್ಲ. ಖರೀದಿ ಆದೇಶದಲ್ಲಿ ಒಂದು ಸಾಲು ಇರಲಿಲ್ಲ, ಅಷ್ಟೇ. ಮಿಲ್ಲಿನವರು ಪರೀಕ್ಷಾ ತುಂಡನ್ನು ಮುಂದೆ ವೆಸೆಲ್ ಕಾಣಲಿರುವ ಎಲ್ಲ ಸುತ್ತುಗಳಷ್ಟು ಹೊತ್ತು ಕಾಯಿಸಿಯೇ ಎಳೆದು ನೋಡಬೇಕು ಎಂಬ ಸಾಲು ಅದು. ಷಾಪಿನ ಸುತ್ತುಗಳು, ಷಾಪಿನ ಒಂದು ದುರಸ್ತಿ, ಮುಂದೊಂದು ದಿನ ಸ್ಥಾವರದಲ್ಲೇ ಮಾಡಬೇಕಾಗಬಹುದಾದ ಇನ್ನೊಂದು ದುರಸ್ತಿ, ಇಷ್ಟನ್ನೂ ಕೂಡಿಸಿ ಗಂಟೆ ಬರೆಯಬೇಕು. ಹಾಗೆ ಬರೆದರೆ ದರ ಏರುತ್ತದೆ ಎಂದು ಖರೀದಿ ವಿಭಾಗ ಗೊಣಗುತ್ತದೆ. ಗೊಣಗಲಿ.

ಓದದೆ ಬಿಡುವ ಇನ್ನೊಂದು ಜಾಗ ರಂಜಕ ಮತ್ತು ತವರದ ಕಾಲಮ್ಮು. 2.25 ಕ್ರೋಮ್ ಉಕ್ಕು ಸುಮಾರು 343ರಿಂದ 577 ಡಿಗ್ರಿಗಳ ನಡುವೆ ವರ್ಷಗಟ್ಟಲೆ ಕೆಲಸ ಮಾಡಿದರೆ ಈ ಕಲ್ಮಶಗಳು ಕಣಗಳ ಅಂಚಿಗೆ ಸರಿದು ಉಕ್ಕನ್ನು ಪೆಡಸಾಗಿಸುತ್ತವೆ. ಇದರ ಅಳತೆಗೆ ಜೆ ಫ್ಯಾಕ್ಟರ್ ಎಂಬ ಸರಳ ಲೆಕ್ಕವಿದೆ: ಸಿಲಿಕಾನ್ ಮತ್ತು ಮ್ಯಾಂಗನೀಸ್ ಶೇಕಡಾಗಳ ಮೊತ್ತವನ್ನು ರಂಜಕ ಮತ್ತು ತವರದ ಮೊತ್ತದಿಂದ ಗುಣಿಸಿ, ಮತ್ತೆ ಹತ್ತು ಸಾವಿರದಿಂದ ಗುಣಿಸಬೇಕು. ಉತ್ತರ 100 ಮೀರಬಾರದು ಎಂಬುದು ರಿಯಾಕ್ಟರುಗಳಿಗೆ ರೂಢಿಯ ಮಿತಿ. ಸಿಲಿಕಾನ್ 0.20, ಮ್ಯಾಂಗನೀಸ್ 0.50, ರಂಜಕ 0.012, ತವರ 0.005 ಇರುವ ಪ್ಲೇಟು ತೆಗೆದುಕೊಳ್ಳಿ. ರಂಜಕ ಮಾನದಂಡದ ಮಿತಿಗಿಂತ ಎಷ್ಟೋ ಕೆಳಗಿದೆ, ಆದರೂ ಲೆಕ್ಕ 119ಕ್ಕೆ ಬರುತ್ತದೆ. ರಂಜಕ 0.007, ತವರ 0.003ಕ್ಕೆ ಇಳಿದರೆ ಅದೇ ಲೆಕ್ಕ 70. ಪ್ಲೇಟಿನ ಮೂಲ ಮಾನದಂಡ ತವರದ ಅಂಕಿಯನ್ನು ಕೇಳುವುದೇ ಇಲ್ಲ. ನೀವು ಕೇಳದಿದ್ದರೆ ಸರ್ಟಿಫಿಕೇಟಿನಲ್ಲಿ ಅದು ಕಾಣದೆಯೂ ಇರಬಹುದು.

ಈ ಪೆಡಸುತನ ಬಿಸಿಯಲ್ಲಿ ಓಡುತ್ತಿರುವಾಗ ಗೊತ್ತೇ ಆಗುವುದಿಲ್ಲ. ಅಪಾಯ ಇರುವುದು ಘಟಕ ತಣ್ಣಗಿರುವಾಗ. ಹಾಗಾಗಿ ಹಳೆಯ ರಿಯಾಕ್ಟರುಗಳನ್ನು ಶುರು ಮಾಡುವಾಗ ಮೊದಲು ಗೋಡೆಯನ್ನು ನಿಗದಿತ ಉಷ್ಣಾಂಶಕ್ಕೆ ಬಿಸಿ ಮಾಡಿ, ನಂತರವೇ ಪೂರ್ತಿ ಒತ್ತಡ ಏರಿಸುತ್ತಾರೆ. ನಿಲ್ಲಿಸುವಾಗ ಮೊದಲು ಒತ್ತಡ ಇಳಿಸಿ ಆಮೇಲೆ ತಣಿಸುತ್ತಾರೆ. ಕಂಟ್ರೋಲ್ ರೂಮಿನಲ್ಲಿ ಅವಸರ ಮಾಡುವವರಿಗೆ ಈ ಕ್ರಮದ ಕಾರಣ ಹೇಳಿಕೊಟ್ಟಿರಬೇಕು. ಬರೀ ಆದೇಶ ಕೊಟ್ಟರೆ ಒಂದಲ್ಲ ಒಂದು ರಾತ್ರಿ ಅದನ್ನು ಮೀರುತ್ತಾರೆ.

ವೆಲ್ಡಿಂಗ್ ಬಗ್ಗೆ ಹೆಚ್ಚು ಹೇಳುವುದಿಲ್ಲ, ಅದರ ಪಾಠ ಎಲ್ಲ ಷಾಪುಗಳಿಗೂ ಗೊತ್ತು. ಗ್ರೇಡ್ 22ನ್ನು ಸುಮಾರು 200 ಡಿಗ್ರಿಗೆ ಪ್ರೀಹೀಟ್ ಮಾಡಿ, ಮುಗಿಯುವವರೆಗೂ ತಣಿಯಲು ಬಿಡಬಾರದು. ದೊಡ್ಡ ಸೀಮುಗಳಲ್ಲಿ ಇದನ್ನು ಎಲ್ಲರೂ ಪಾಲಿಸುತ್ತಾರೆ. ಬಿರುಕು ಸಿಗುವುದು ಫಿಟ್ಟರ್ ಜೋಡಣೆಗೆಂದು ತಣ್ಣನೆಯ ಪ್ಲೇಟಿಗೆ ಅಂಟಿಸಿ, ಆಮೇಲೆ ಸುತ್ತಿಗೆಯಿಂದ ಬಡಿದು ಕಿತ್ತ ಕ್ಲೀಟಿನ, ಅಂದರೆ ತಾತ್ಕಾಲಿಕ ಹಿಡಿತದ ತುಂಡಿನ, ಜಾಗದಲ್ಲಿ. ಡ್ರಾಯಿಂಗಿನಲ್ಲಿ ಆ ಕ್ಲೀಟು ಇರುವುದೇ ಇಲ್ಲ.

ಕಡೆಯದಾಗಿ ಪಿಎಂಐ ಗನ್, ಅಂದರೆ ಲೋಹದಲ್ಲಿ ಏನೇನು ಬೆರೆತಿದೆ ಎಂದು ಎಕ್ಸ್-ರೇಯಿಂದ ಸ್ಥಳದಲ್ಲೇ ಹೇಳುವ ಕೈಯಂತ್ರ. ಇದು ಬೇಕೇ ಬೇಕು. 2005ರ ಜುಲೈನಲ್ಲಿ ಟೆಕ್ಸಾಸ್ ಸಿಟಿಯ ಬಿಪಿ ಸಂಸ್ಕರಣಾಗಾರದಲ್ಲಿ ಹೊತ್ತಿಕೊಂಡ ಬೆಂಕಿಗೆ ಮೂಲ, ನಿರ್ವಹಣೆಯ ವೇಳೆ ಅದಲುಬದಲಾದ ಎಲ್ಬೋಗಳು, ಅಂದರೆ ಕೊಳವೆಯ ಬಾಗು ತುಂಡುಗಳು. ಕ್ರೋಮ್ ಉಕ್ಕಿನದು ಇರಬೇಕಾದ ಬಿಸಿ ಜಾಗಕ್ಕೆ ಕಾರ್ಬನ್ ಉಕ್ಕಿನದು ಹೋಗಿತ್ತು, ಕೆಲವೇ ತಿಂಗಳಲ್ಲಿ ಹೈಡ್ರೋಜನ್ ಅದನ್ನು ತಿಂದುಹಾಕಿತು. ಕಣ್ಣಿಗೆ ಎರಡೂ ಒಂದೇ ಥರ ಕಾಣುತ್ತಿದ್ದವು, ಗನ್ ಹಿಡಿದಿದ್ದರೆ ಕ್ಷಣದಲ್ಲಿ ಗೊತ್ತಾಗುತ್ತಿತ್ತು. ಆದರೆ ಎಕ್ಸ್-ರೇ ಗನ್ನು ಕಾರ್ಬನ್ನನ್ನು ಅಳೆಯಲಾರದು, ಹದವನ್ನಂತೂ ಅದು ಕಾಣುವುದೇ ಇಲ್ಲ. ಅದರ ಮಟ್ಟಿಗೆ ಕ್ಲಾಸ್ 1 ಮತ್ತು ಕ್ಲಾಸ್ 2 ಒಂದೇ ಪ್ಲೇಟು. ಎರಡನ್ನೂ ದಾಸ್ತಾನಿಟ್ಟ ಯಾರ್ಡಿನಲ್ಲಿ ಅವುಗಳನ್ನು ಬೇರ್ಪಡಿಸಲು ಉಳಿಯುವುದು ಪ್ಲೇಟಿನ ಮೇಲೆ ಕುಟ್ಟಿದ ಹೀಟ್ ನಂಬರು (ಉಕ್ಕು ಕರಗಿಸಿದ ಕಂತಿನ ಸಂಖ್ಯೆ) ಮತ್ತು ಪ್ಲೇಟ್ ನಂಬರು. ಗ್ಯಾಸ್ ಕಟ್ಟರ್ ಹೊತ್ತಿಸುವ ಮೊದಲೇ ಆ ಗುರುತನ್ನು ಉಳಿಯಲಿರುವ ತುಂಡಿಗೂ ವರ್ಗಾಯಿಸಿ, ಇನ್‌ಸ್ಪೆಕ್ಟರ್ ಮುದ್ರೆ ಹಾಕಿಸಬೇಕು. ಗುರುತಿಲ್ಲದ ತುಂಡನ್ನು ಗುಜರಿಗೆ ಹಾಕಿಸುತ್ತೇನೆ, ಅದು ಎಷ್ಟೇ ದೊಡ್ಡದಿರಲಿ.