ಗೇರ್ ಕರ್ರ್ ಎಂದರೆ ಮೊದಲು ಯಾವುದನ್ನು ನೋಡಬೇಕು: ಕ್ಲಚ್ಚೋ, ಸಿಂಕ್ರೋ ರಿಂಗೋ?

ಕ್ಲಚ್ ಅಸೆಂಬ್ಲಿಯ ಚಿತ್ರ ಬಿಡಿಸಿ ಭಾಗಗಳನ್ನು ಗುರುತಿಸುವುದು ಮೆಕ್ಯಾನಿಕ್ ಕೆಲಸದ ನಮ್ಮಲ್ಲಿ ಎಲ್ಲರಿಗೂ ಬರುತ್ತದೆ. ಫ್ಲೈವೀಲ್, ಕ್ಲಚ್ ಪ್ಲೇಟ್, ಪ್ರೆಷರ್ ಪ್ಲೇಟ್, ರಿಲೀಸ್ ಬೇರಿಂಗ್, ಫೋರ್ಕ್ ಇವುಗಳನ್ನೆಲ್ಲ ಇಲ್ಲಿ ಮತ್ತೆ ಬರೆಯುತ್ತಿಲ್ಲ. ಕಷ್ಟ ಶುರುವಾಗುವುದು ಗಾಡಿ ಎದುರಿಗೆ ಬಂದು ನಿಂತಾಗ. ‘ಗೇರ್ ಹಾಕಿದ್ರೆ ಕರ್ರ್ ಅನ್ನುತ್ತೆ’ ಎಂದಷ್ಟೇ ಮಾಲೀಕರು ಹೇಳುತ್ತಾರೆ. ಕ್ಲಚ್ ಕೇಬಲ್‌ನ ನಟ್ಟನ್ನು ನಾಲ್ಕು ಸುತ್ತು ತಿರುಗಿಸಿದರೆ ಮುಗಿಯುವ ಕೆಲಸವೂ ಅದೇ ದೂರಿನೊಂದಿಗೆ ಬರುತ್ತದೆ, ಗೇರ್‌ಬಾಕ್ಸ್ ಇಳಿಸಿ ಪೂರ್ತಿ ಬಿಚ್ಚಬೇಕಾದ ಕೆಲಸವೂ ಅದೇ ದೂರಿನೊಂದಿಗೆ ಬರುತ್ತದೆ. ಇವೆರಡನ್ನು ಗಾಡಿಯಲ್ಲಿ ಕೂತೇ ಬೇರ್ಪಡಿಸುವುದು ಹೇಗೆ ಎಂಬುದಕ್ಕೆ ಈ ಟಿಪ್ಪಣಿಯ ಹೆಚ್ಚಿನ ಜಾಗ ಹೋಗಿದೆ.

ಕರ್ರ್ ಎನ್ನುತ್ತಿರುವುದು ಯಾವುದು?

ಈಗಿನ ಕಾರುಗಳ ಗೇರ್‌ಬಾಕ್ಸ್ ಕಾನ್‌ಸ್ಟಂಟ್ ಮೆಶ್. ಮುಂದಕ್ಕೆ ಓಡಿಸುವ ಗೇರ್‌ಗಳ ಹಲ್ಲುಗಳು ಯಾವಾಗಲೂ ಒಂದಕ್ಕೊಂದು ಕೂಡಿಕೊಂಡೇ ತಿರುಗುತ್ತಿರುತ್ತವೆ. ಹಾಗಾಗಿ ನಾವು ಲಿವರ್ ತಳ್ಳಿದಾಗ ಗೇರ್ ಜರುಗುವುದಿಲ್ಲ, ಶಾಫ್ಟ್‌ಗೆ ಕೂಡಿಸಿದ ಹಬ್‌ನ ಮೇಲಿರುವ ಸ್ಲೀವ್ ಎಂಬ ಬಳೆ ಜರುಗುತ್ತದೆ. ಸ್ಲೀವ್‌ನ ಒಳಹಲ್ಲುಗಳು ಗೇರ್‌ನ ಪಕ್ಕದಲ್ಲಿರುವ ಸಣ್ಣ ಡಾಗ್ ಹಲ್ಲುಗಳ ಮೇಲೆ ಹೋಗಿ ಕೂರಬೇಕು. ಎರಡರ ವೇಗ ಬೇರೆ ಬೇರೆಯಾಗಿದ್ದಾಗ ಆ ತುದಿಗಳು ಒಂದನ್ನೊಂದು ಕೆರೆಯುತ್ತವೆ. ಆ ಸದ್ದೇ ಕರ್ರ್.

ವೇಗದ ವ್ಯತ್ಯಾಸ ಎಷ್ಟಿರುತ್ತದೆ ಎಂದು ಒಮ್ಮೆ ಲೆಕ್ಕ ಹಾಕಿ ನೋಡಿ. ಸೆಕೆಂಡ್ ಗೇರ್ ಅನುಪಾತ 2.0, ಥರ್ಡ್ 1.4 ಎಂದಿಟ್ಟುಕೊಳ್ಳೋಣ. ಸೆಕೆಂಡ್‌ನಲ್ಲಿ ಇಂಜಿನ್ 3000 ಆರ್‌ಪಿಎಂ ಇದ್ದರೆ ಚಕ್ರಗಳ ಕಡೆಗೆ ಹೋಗುವ ಔಟ್‌ಪುಟ್ ಶಾಫ್ಟ್ 1500ರಲ್ಲಿ ತಿರುಗುತ್ತದೆ, ಅದರ ಜೊತೆ ಸ್ಲೀವ್ ಕೂಡ. ಅದೇ ಹೊತ್ತಿಗೆ ಥರ್ಡ್ ಗೇರ್ 3000 ಭಾಗಿಸು 1.4, ಅಂದರೆ ಸುಮಾರು 2140ರಲ್ಲಿ ತಿರುಗುತ್ತಿರುತ್ತದೆ. ಸ್ಲೀವ್ ಮೆತ್ತಗೆ ಕೂರಬೇಕಾದರೆ ಥರ್ಡ್ ಗೇರ್ 640ರಷ್ಟು ಇಳಿದು 1500ಕ್ಕೆ ಬರಬೇಕು. ಪೆಡಲ್ ಒತ್ತಿದಾಗ ಕ್ಲಚ್ ಇಂಜಿನ್ನನ್ನು ಪೂರ್ತಿ ಬಿಟ್ಟಿದ್ದರೆ ಇಳಿಸಬೇಕಾದದ್ದು ಕ್ಲಚ್‌ನಿಂದ ಗೇರ್‌ಬಾಕ್ಸ್‌ಗೆ ಬರುವ ಇನ್‌ಪುಟ್ ಶಾಫ್ಟ್, ಕ್ಲಚ್ ಪ್ಲೇಟ್ ಮತ್ತು ಅವುಗಳ ಜೊತೆ ತಿರುಗುವ ಗೇರ್‌ಗಳನ್ನು ಮಾತ್ರ. ಕ್ಲಚ್ ಅರ್ಧ ಅಂಟಿಕೊಂಡಿದ್ದರೆ ಅವುಗಳನ್ನು ಹಿಂದಿನಿಂದ ಇಂಜಿನ್ ಎಳೆಯುತ್ತಲೇ ಇರುತ್ತದೆ. ಈ ಅರ್ಧ ಅಂಟಿಕೊಂಡ ಸ್ಥಿತಿಯನ್ನೇ ಡ್ರ್ಯಾಗ್ ಎನ್ನುವುದು.

ಸಿಂಕ್ರೋ ರಿಂಗ್ ಮಾಡುವ ಎರಡು ಕೆಲಸ

ಇಲ್ಲಿ ಸ್ವಲ್ಪ ನಿಧಾನವಾಗಿ ಓದಿ. ಮುಂದಿನ ಪರೀಕ್ಷೆಗಳೆಲ್ಲ ಇದರ ಮೇಲೆಯೇ ನಿಂತಿವೆ. ನನಗೆ ಹೆಚ್ಚು ಹೊತ್ತು ಹಿಡಿದದ್ದೂ ಇದೇ ಜಾಗ.

ಹಿತ್ತಾಳೆಯ ಸಿಂಕ್ರೋ ರಿಂಗ್ ಗೇರ್‌ನ ಪಕ್ಕದ ಇಳಿಜಾರು ಮೈಗೆ, ಅಂದರೆ ಕೋನ್‌ಗೆ, ಉಜ್ಜಿ ವೇಗವನ್ನು ಸರಿದೂಗಿಸುತ್ತದೆ ಎಂದು ಎಲ್ಲ ಪುಸ್ತಕಗಳಲ್ಲೂ ಇದೆ. ಅದು ಮೊದಲ ಕೆಲಸ. ಎರಡನೆಯದು, ವೇಗ ಸರಿಹೋಗುವವರೆಗೆ ಸ್ಲೀವ್‌ಗೆ ದಾರಿ ಬಿಡದೆ ಅಡ್ಡ ನಿಲ್ಲುವುದು. ರಿಂಗಿನ ಸುತ್ತ ಇರುವ ಸಣ್ಣ ಹಲ್ಲುಗಳ ತುದಿ ಚೂಪಾಗಿ ಇಳಿಜಾರಾಗಿರುತ್ತದೆ. ವೇಗದಲ್ಲಿ ವ್ಯತ್ಯಾಸ ಇರುವಷ್ಟು ಹೊತ್ತು ಕೋನ್‌ನ ಉಜ್ಜಾಟ ರಿಂಗನ್ನು ಒಂದು ಪಕ್ಕಕ್ಕೆ ತಿರುಗಿಸಿ ಹಿಡಿದಿರುತ್ತದೆ. ಆಗ ರಿಂಗಿನ ಹಲ್ಲು ಸ್ಲೀವ್‌ನ ಹಲ್ಲಿಗೆ ನೇರ ಎದುರಾಗುತ್ತದೆ, ಸ್ಲೀವ್ ಮುಂದೆ ಹೋಗಲಾರದು. ವ್ಯತ್ಯಾಸ ಸೊನ್ನೆಗೆ ಬಂದ ಕೂಡಲೇ ಉಜ್ಜಾಟ ನಿಲ್ಲುತ್ತದೆ, ರಿಂಗ್ ಹಿಂದಕ್ಕೆ ಸರಿಯುತ್ತದೆ, ಸ್ಲೀವ್ ಜಾರಿ ಒಳಗೆ ಹೋಗುತ್ತದೆ.

ಈಗ ಎರಡು ದೂರುಗಳನ್ನು ಪಕ್ಕಪಕ್ಕ ಇಡಿ. ರಿಂಗ್ ಚೆನ್ನಾಗಿದ್ದು ಕ್ಲಚ್ ಡ್ರ್ಯಾಗ್ ಆಗುತ್ತಿದೆ ಅನ್ನಿ. ವ್ಯತ್ಯಾಸ ಸೊನ್ನೆಗೆ ಬರುವುದೇ ಇಲ್ಲ, ಹಾಗಾಗಿ ರಿಂಗ್ ಅಡ್ಡ ನಿಂತೇ ಇರುತ್ತದೆ. ಗೇರ್ ಬೀಳುವುದಿಲ್ಲ, ಲಿವರ್ ಕಲ್ಲಿಗೆ ತಗುಲಿದಂತೆ ನಿಲ್ಲುತ್ತದೆ. ಬಲ ಹಾಕಿದರೆ ಬೀಳುತ್ತದೆ, ಬೀಳುವಾಗ ಗಾಡಿ ಒಂದಿಷ್ಟು ಮುಂದಕ್ಕೆ ಜಗ್ಗುತ್ತದೆ. ಇನ್ನೊಂದು ಕಡೆ, ಕ್ಲಚ್ ಚೆನ್ನಾಗಿದ್ದು ರಿಂಗ್ ಸವೆದಿದೆ ಅನ್ನಿ. ಅಡ್ಡ ನಿಲ್ಲುವವರೇ ಇಲ್ಲ. ಲಿವರ್ ಹಗುರವಾಗಿ ಹೋಗುತ್ತದೆ, ಹೋಗುತ್ತಲೇ ಕರ್ರ್ ಎನ್ನುತ್ತದೆ. ಅದೂ ಗಾಡಿ ಓಡುತ್ತಿರುವಾಗ, ಸಾಮಾನ್ಯವಾಗಿ ಒಂದೇ ಗೇರಿನಲ್ಲಿ. ಹೆಚ್ಚಾಗಿ ಅದು ಸೆಕೆಂಡ್. ಫಸ್ಟ್ ಮತ್ತು ಸೆಕೆಂಡ್ ನಡುವೆ ಅನುಪಾತದ ಅಂತರ ದೊಡ್ಡದು, ಜೊತೆಗೆ ಸಿಟಿ ಟ್ರಾಫಿಕ್ಕಿನಲ್ಲೂ ಘಾಟಿಯ ತಿರುವುಗಳಲ್ಲೂ ಥರ್ಡ್‌ನಿಂದ ಸೆಕೆಂಡ್‌ಗೆ ಇಳಿಸುವುದು ಮತ್ತೆ ಮತ್ತೆ ಬರುತ್ತದೆ.

ಆದ್ದರಿಂದ ಮಾಲೀಕರನ್ನು ಕೇಳಬೇಕಾದ ಮೊದಲ ಪ್ರಶ್ನೆ: ‘ಗೇರ್ ಬೀಳ್ತಿಲ್ವಾ, ಇಲ್ಲಾ ಬೀಳುವಾಗ ಸದ್ದು ಮಾಡುತ್ತಾ?’ ಎರಡನೆಯದು: ‘ಎಲ್ಲಾ ಗೇರಲ್ಲೂ ಹಾಗೇನಾ, ಒಂದರಲ್ಲಿ ಮಾತ್ರಾನಾ?’ ಇವೆರಡಕ್ಕೆ ಸಿಗುವ ಉತ್ತರದಲ್ಲೇ ಅರ್ಧ ಕೆಲಸ ಮುಗಿದಿರುತ್ತದೆ.

ಎರಡೂ ದೋಷ ಒಟ್ಟಿಗೆ ಇರುವ ಗಾಡಿಗಳೂ ಬರುತ್ತವೆ. ಡ್ರ್ಯಾಗ್ ಆಗುವ ಕ್ಲಚ್‌ನಲ್ಲೇ ತಿಂಗಳುಗಟ್ಟಲೆ ಓಡಿಸಿದರೆ ರಿಂಗ್ ತಾನಾಗಿಯೇ ಸವೆಯುತ್ತದೆ. ಅಂಥ ಗಾಡಿಗೆ ಕ್ಲಚ್ ಸರಿಮಾಡದೆ ಹೊಸ ರಿಂಗ್ ಹಾಕಿ ಕಳಿಸಿದರೆ ಹೊಸದೂ ಅದೇ ದಾರಿ ಹಿಡಿಯುತ್ತದೆ.

ರಿವರ್ಸ್ ಪರೀಕ್ಷೆ

ಯಾವ ಉಪಕರಣವೂ ಬೇಡದ ಈ ಪರೀಕ್ಷೆ ನನಗೆ ಎಲ್ಲಕ್ಕಿಂತ ಇಷ್ಟ. ಅನೇಕ ಕಾರುಗಳಲ್ಲಿ ರಿವರ್ಸ್‌ಗೆ ಸಿಂಕ್ರೋ ಇರುವುದಿಲ್ಲ. ನೇರ ಹಲ್ಲಿನ ಐಡ್ಲರ್ ಗೇರ್ ಜರುಗಿ ಬಂದು ಇನ್ನೆರಡು ಗೇರ್‌ಗಳ ನಡುವೆ ಸೇರಿಕೊಳ್ಳುತ್ತದೆ. ಅಡ್ಡ ನಿಲ್ಲುವ ರಿಂಗ್ ಇಲ್ಲದ ಕಾರಣ ಒಳಗೆ ಶಾಫ್ಟ್ ಸ್ವಲ್ಪವೇ ತಿರುಗುತ್ತಿದ್ದರೂ ರಿವರ್ಸ್ ಅದನ್ನು ಸದ್ದು ಮಾಡಿ ತಿಳಿಸುತ್ತದೆ.

ಗಾಡಿ ಸಮತಟ್ಟಾದ ಜಾಗದಲ್ಲಿರಲಿ, ಹ್ಯಾಂಡ್‌ಬ್ರೇಕ್ ಎಳೆದಿರಲಿ, ಚಕ್ರಕ್ಕೆ ಕಲ್ಲು ಕೊಟ್ಟಿರಲಿ, ಹಿಂದೆ ಮುಂದೆ ಯಾರೂ ನಿಂತಿರಬಾರದು. ಇಂಜಿನ್ ಬಿಸಿಯಾಗಿ ಐಡಲ್‌ಗೆ ಇಳಿದಿರಲಿ. ನ್ಯೂಟ್ರಲ್‌ನಲ್ಲಿ ಪೆಡಲ್ ಬಿಟ್ಟು ಕೂತಾಗ ಇನ್‌ಪುಟ್ ಶಾಫ್ಟ್ ಇಂಜಿನ್ ಜೊತೆಗೇ ತಿರುಗುತ್ತಿರುತ್ತದೆ. ಈಗ ಪೆಡಲ್ ಪೂರ್ತಿ ಒತ್ತಿ. ಕೂಡಲೇ ರಿವರ್ಸ್‌ಗೆ ಎಳೆದರೆ ಸದ್ದು ಬರುವುದು ಸಹಜ, ಅದನ್ನು ದೋಷವೆಂದು ಬರೆದುಕೊಳ್ಳಬಾರದು: ಇಂಜಿನ್ ಬಿಟ್ಟುಕೊಟ್ಟ ಮೇಲೂ ಶಾಫ್ಟ್ ತನ್ನ ವೇಗದಲ್ಲೇ ಒಂದೆರಡು ಸೆಕೆಂಡ್ ತಿರುಗುತ್ತದೆ. ಹಾಗಾಗಿ ಪೆಡಲ್ ಒತ್ತಿ ಹಿಡಿದೇ ಐದಾರು ಸೆಕೆಂಡ್ ಕಾಯಿರಿ, ಆಮೇಲೆ ಎಳೆಯಿರಿ. ಸದ್ದಿಲ್ಲದೆ ಬಿದ್ದರೆ ಕ್ಲಚ್ ಬಿಡುತ್ತಿದೆ. ಎಷ್ಟು ಕಾದರೂ ಕರ್ರ್ ಎಂದರೆ ಡ್ರ್ಯಾಗ್.

ಕಾದದ್ದು ಸಾಲದೇ ಹೋಯಿತೋ, ಡ್ರ್ಯಾಗ್ ಇದೆಯೋ ಎಂಬ ಗೊಂದಲ ಇಲ್ಲಿ ಉಳಿಯುತ್ತದೆ. ಅದಕ್ಕೆ ಪರೀಕ್ಷೆಯನ್ನು ಹೀಗೆ ತಿರುಗಿಸಿ. ಪೆಡಲ್ ಒತ್ತಿ ಮೊದಲು ಫಸ್ಟ್‌ಗೆ ಹಾಕಿ. ಗಾಡಿ ನಿಂತಿದೆ, ಅಂದರೆ ಔಟ್‌ಪುಟ್ ಶಾಫ್ಟ್ ನಿಂತಿದೆ; ಫಸ್ಟ್‌ನ ಸಿಂಕ್ರೋ ಇನ್‌ಪುಟ್ ಶಾಫ್ಟನ್ನೂ ಹಿಡಿದು ನಿಲ್ಲಿಸುತ್ತದೆ. ಪೆಡಲ್ ಬಿಡದೆ ನ್ಯೂಟ್ರಲ್‌ಗೆ ತನ್ನಿ. ಹಾಗೇ ಹತ್ತು ಸೆಕೆಂಡ್ ಒತ್ತಿ ಹಿಡಿದು ರಿವರ್ಸ್‌ಗೆ ಎಳೆಯಿರಿ. ನಿಂತುಹೋಗಿದ್ದ ಶಾಫ್ಟ್ ಮತ್ತೆ ತಿರುಗಬೇಕಾದರೆ ಯಾರಾದರೂ ಅದನ್ನು ತಿರುಗಿಸಬೇಕು. ಆ ‘ಯಾರಾದರೂ’ ಅಂಟಿಕೊಂಡಿರುವ ಕ್ಲಚ್ ಪ್ಲೇಟ್. ಅಪರೂಪಕ್ಕೆ, ಶಾಫ್ಟಿನ ತುದಿಯನ್ನು ಫ್ಲೈವೀಲ್ ಮಧ್ಯದಲ್ಲಿ ಬಿಗಿದು ಹಿಡಿದುಕೊಂಡ ಪೈಲಟ್ ಬೇರಿಂಗ್. ಈ ಸಲ ಸದ್ದು ಬಂದರೆ ಸಂಶಯಕ್ಕೆ ಜಾಗವಿಲ್ಲ, ದೋಷ ಕ್ಲಚ್ ಕಡೆಯದು. ತೀರಾ ಸಣ್ಣ ಡ್ರ್ಯಾಗ್ ಕೂಡ ಈ ವಿಧಾನದಲ್ಲಿ ಸಿಕ್ಕಿಬೀಳುತ್ತದೆ.

ರಿವರ್ಸ್‌ಗೂ ಸಿಂಕ್ರೋ ಇರುವ ಗಾಡಿಗಳಲ್ಲಿ ಇದು ನಡೆಯದು. ಅಲ್ಲಿ ಇಂಜಿನ್ ಆಫ್ ಮಾಡಿ ಎಲ್ಲ ಗೇರ್ ಹಾಕಿ ನೋಡಿ, ಆಮೇಲೆ ಇಂಜಿನ್ ಆನ್ ಮಾಡಿ ಹಾಕಿ. ಆಫ್ ಇದ್ದಾಗ ಬೆಣ್ಣೆಯಂತೆ ಬಿದ್ದು, ಆನ್ ಇದ್ದಾಗ ಗಟ್ಟಿಯಾದರೆ ಡ್ರ್ಯಾಗ್. ಎರಡರಲ್ಲೂ ಗಟ್ಟಿ ಇದ್ದರೆ ಗೇರ್ ಕೇಬಲ್, ಲಿಂಕೇಜ್, ಬುಷ್ ನೋಡಬೇಕು.

ಡ್ರ್ಯಾಗ್ ಎಂದು ತಿಳಿದ ಮೇಲೆ ಹುಡುಕಾಟ ಹೊರಗಿನಿಂದ ಒಳಕ್ಕೆ ಹೋಗಲಿ. ಎಲ್ಲಕ್ಕಿಂತ ಮೊದಲು ಫ್ಲೋರ್ ಮ್ಯಾಟ್: ಅದು ಮಡಚಿಕೊಂಡು ಪೆಡಲ್ ಅಡಿಗೆ ಸೇರಿದ್ದರೆ ಪೆಡಲ್ ಪೂರ್ತಿ ಇಳಿಯುವುದೇ ಇಲ್ಲ. ಆಮೇಲೆ ಕೇಬಲ್ ಅಥವಾ ಹೈಡ್ರಾಲಿಕ್. ಕೊನೆಗೆ ಒಳಗಿನವು: ಸೊಟ್ಟಗಾದ ಪ್ಲೇಟ್, ಮುರಿದ ಡಯಾಫ್ರಾಮ್ ಸ್ಪ್ರಿಂಗಿನ ಬೆರಳು, ಸವೆದ ಫೋರ್ಕ್, ಶಾಫ್ಟಿನ ಉದ್ದುದ್ದ ಗಾಡಿಗಳಾದ ಸ್ಪ್ಲೈನ್ ಮೇಲೆ ತುಕ್ಕು ಹಿಡಿದು ಜಾರದ ಪ್ಲೇಟ್. ಮಳೆಗಾಲವಿಡೀ ನಿಲ್ಲಿಸಿಟ್ಟ ಗಾಡಿಯಲ್ಲಿ ಪ್ಲೇಟ್ ಫ್ಲೈವೀಲ್‌ಗೇ ತುಕ್ಕಿನಿಂದ ಕಚ್ಚಿಕೊಳ್ಳುವುದುಂಟು. ಕರಾವಳಿ, ಮಲೆನಾಡಿನವರು ಇದನ್ನು ನೆನಪಿಟ್ಟುಕೊಳ್ಳಿ. ಪೆಡಲ್ ನೋಡಿದರೆ ಸರಿಯಾಗಿಯೇ ಇರುತ್ತದೆ, ಇಂಜಿನ್ ಆನ್ ಇದ್ದಾಗ ಗೇರ್ ಮಾತ್ರ ಬೀಳುವುದಿಲ್ಲ.

ಫ್ರೀ ಪ್ಲೇ ಯಾವ ಕಡೆಗೆ ಹೋಗುತ್ತದೆ?

ಪೆಡಲ್ ಒತ್ತತೊಡಗಿದಾಗ ಕ್ಲಚ್ ಇನ್ನೂ ಅಲುಗದ ಮೊದಲ ಸಡಿಲ ಓಟವೇ ಫ್ರೀ ಪ್ಲೇ. ಪ್ಲೇಟ್ ಸವೆದರೆ ಪೆಡಲ್ ಸಡಿಲವಾಗುತ್ತದೆ ಎಂದು ತೋಚುತ್ತದೆ, ಬ್ರೇಕ್ ಶೂ ಸವೆದಾಗ ಹಾಗೇ ಆಗುತ್ತದಲ್ಲ. ಕೇಬಲ್ ಕ್ಲಚ್‌ನಲ್ಲಿ ನಡೆಯುವುದು ತಿರುಗಾಮುರುಗಾ. ಡಯಾಫ್ರಾಮ್ ಸ್ಪ್ರಿಂಗ್ ಏತದ ಹಾಗೆ, ನಡುವೆ ಆಧಾರ, ಒಂದು ತುದಿ ಇಳಿದರೆ ಇನ್ನೊಂದು ಏಳುತ್ತದೆ. ಪ್ಲೇಟ್ ಸವೆದಂತೆ ಪ್ರೆಷರ್ ಪ್ಲೇಟ್ ಫ್ಲೈವೀಲ್ ಕಡೆಗೆ ಸರಿಯುತ್ತದೆ, ಸ್ಪ್ರಿಂಗಿನ ಹೊರ ಅಂಚೂ ಅದರ ಜೊತೆ ಹೋಗುತ್ತದೆ. ಆಗ ಮಧ್ಯದ ಬೆರಳುಗಳು ಗೇರ್‌ಬಾಕ್ಸ್ ಕಡೆಗೆ, ರಿಲೀಸ್ ಬೇರಿಂಗಿನ ಹತ್ತಿರಕ್ಕೆ ಬರುತ್ತವೆ. ಅಂದರೆ ಫ್ರೀ ಪ್ಲೇ ಕಡಿಮೆಯಾಗುತ್ತದೆ.

ಅದು ಸೊನ್ನೆಯಾದರೆ ಕಾಲು ಇಡದಿದ್ದರೂ ಬೇರಿಂಗ್ ಬೆರಳುಗಳನ್ನು ಒತ್ತುತ್ತಲೇ ಇರುತ್ತದೆ. ಹಿಡಿತ ಕಮ್ಮಿಯಾಗಿ ಕ್ಲಚ್ ಸ್ಲಿಪ್ ಆಗುತ್ತದೆ. ಏರಿನಲ್ಲಿ ಆಕ್ಸಿಲರೇಟರ್ ಕೊಟ್ಟರೆ ಆರ್‌ಪಿಎಂ ಏರುತ್ತದೆ, ಗಾಡಿ ಏರುವುದಿಲ್ಲ, ಸುಟ್ಟ ವಾಸನೆ ಬರುತ್ತದೆ. ಕೇಬಲ್ ಹಿಗ್ಗಿದರೆ ಇದಕ್ಕೆ ವಿರುದ್ಧ: ಫ್ರೀ ಪ್ಲೇ ಹೆಚ್ಚಿ, ಪೆಡಲ್ ನೆಲಕ್ಕೆ ಮುಟ್ಟಿದರೂ ಕ್ಲಚ್ ಪೂರ್ತಿ ಬಿಡದೆ ಡ್ರ್ಯಾಗ್. ಪೆಡಲ್ ಬಿಡುವಾಗ ತುದಿಯಲ್ಲಿ ಗಾಡಿ ಹೊರಟರೆ ಸ್ಲಿಪ್ ಕಡೆಯ ತೊಂದರೆ, ನೆಲದ ಹತ್ತಿರವೇ ಹೊರಟರೆ ಡ್ರ್ಯಾಗ್ ಕಡೆಯ ತೊಂದರೆ. ಎಷ್ಟು ಮಿಲಿಮೀಟರ್ ಬಿಡಬೇಕು ಎಂಬುದನ್ನು ಆಯಾ ಗಾಡಿಯ ಸರ್ವಿಸ್ ಮ್ಯಾನ್ಯುಯಲ್ ನೋಡಿಯೇ ಇಡಿ.

ಹೈಡ್ರಾಲಿಕ್ ಕ್ಲಚ್

ಇಲ್ಲಿ ಕೇಬಲ್ ಬದಲು ಫ್ಲೂಯಿಡ್ ಒತ್ತಡ ಕೆಲಸ ಮಾಡುತ್ತದೆ. ಸವೆತ ತಾನಾಗಿ ಸರಿದೂಗುತ್ತದೆ, ಹಾಗಾಗಿ ಫ್ರೀ ಪ್ಲೇ ನೋಡಿ ಪ್ಲೇಟಿನ ಆಯಸ್ಸು ಹೇಳಲಾಗದು. ಪೆಡಲನ್ನು ಎರಡು ಮೂರು ಸಲ ಪಂಪ್ ಮಾಡಿದ ಮೇಲೆ ಗೇರ್ ಸಲೀಸಾಗಿ ಬಿದ್ದರೆ ಲೈನಿನಲ್ಲಿ ಗಾಳಿ ಸೇರಿದೆ ಅಥವಾ ಫ್ಲೂಯಿಡ್ ಕಮ್ಮಿಯಾಗಿದೆ. ಒತ್ತಿ ಹಿಡಿದ ಪೆಡಲ್ ನಿಧಾನವಾಗಿ ಕುಸಿಯುತ್ತ, ಹೊರಗೆ ಎಲ್ಲೂ ಹನಿ ಕಾಣದಿದ್ದರೆ ಪೆಡಲ್ ಕಡೆಯ ಮಾಸ್ಟರ್ ಸಿಲಿಂಡರಿನ ಸೀಲ್ ಮೇಲೆ ಅನುಮಾನ ಪಡಿ. ಕ್ಲಚ್ ಕಡೆಯ ಸ್ಲೇವ್ ಸಿಲಿಂಡರಿನ ರಬ್ಬರ್ ಬೂಟ್ ಎತ್ತಿ ಬೆರಳಿಟ್ಟು ನೋಡಿ, ಒದ್ದೆ ಇದ್ದರೆ ಸೋರಿಕೆ ಅಲ್ಲೇ. ಅನೇಕ ಗಾಡಿಗಳಲ್ಲಿ ಬ್ರೇಕಿಗೂ ಕ್ಲಚ್ಚಿಗೂ ಒಂದೇ ಫ್ಲೂಯಿಡ್ ಡಬ್ಬಿ ಇರುವುದರಿಂದ ಆ ಮಟ್ಟ ಇಳಿದಿದ್ದರೆ ಎರಡೂ ಕಡೆ ಹುಡುಕಿ. ಬ್ರೇಕ್ ಫ್ಲೂಯಿಡ್ ಪೇಂಟ್ ತಿನ್ನುತ್ತದೆ, ಚೆಲ್ಲಿದರೆ ಕೂಡಲೇ ನೀರು ಹಾಕಿ ತೊಳೆಯಿರಿ.

ಸದ್ದು ಯಾವಾಗ ಬರುತ್ತದೆ

ನ್ಯೂಟ್ರಲ್‌ನಲ್ಲಿ ಪೆಡಲ್ ಬಿಟ್ಟಾಗ ಗುಂಯ್ ಎಂದು, ಒತ್ತಿದಾಗ ನಿಂತರೆ ಇನ್‌ಪುಟ್ ಶಾಫ್ಟ್ ಬೇರಿಂಗ್, ಏಕೆಂದರೆ ಒತ್ತಿದಾಗ ಶಾಫ್ಟೇ ನಿಲ್ಲುತ್ತದೆ. ಒತ್ತತೊಡಗಿದಾಗ ಶುರುವಾದರೆ ರಿಲೀಸ್ ಬೇರಿಂಗ್. ಪೆಡಲ್ ಮೇಲೆ ಕಾಲಿಟ್ಟುಕೊಂಡೇ ಓಡಿಸುವವರ ಗಾಡಿಯಲ್ಲಿ ಇದು ಬೇಗ ಹೋಗುತ್ತದೆ.

ಎಣ್ಣೆ ಹೇಳುವ ಸಾಕ್ಷಿ

ರಿಂಗ್ ಸವೆದಿದೆ ಎಂದು ಗೇರ್‌ಬಾಕ್ಸ್ ಇಳಿಸುವ ಮೊದಲು ಡ್ರೈನ್ ಪ್ಲಗ್ ಬಿಚ್ಚಿ ನೋಡಿ. ಪ್ಲಗ್ಗಿನ ಮ್ಯಾಗ್ನೆಟ್ ಮೇಲೆ ನುಣುಪಾದ ಬೂದು ಬಣ್ಣದ ಕೆಸರು ಇರುವುದು ಮಾಮೂಲಿ. ಉಗುರಿಗೆ ಸಿಗುವಂಥ ಉಕ್ಕಿನ ಚೂರು ಇದ್ದರೆ ಹಲ್ಲು ಒಡೆದಿರಬಹುದು. ಹಿತ್ತಾಳೆ ಮ್ಯಾಗ್ನೆಟ್‌ಗೆ ಅಂಟದು, ಹಾಗಾಗಿ ಅದನ್ನು ಪ್ಲಗ್ಗಿನಲ್ಲಿ ಹುಡುಕಿ ಪ್ರಯೋಜನವಿಲ್ಲ. ಎಣ್ಣೆಯನ್ನು ಚೊಕ್ಕ ತಟ್ಟೆಗೆ ಇಳಿಸಿ, ಬಿಸಿಲಿಗೆ ಹಿಡಿದು, ತಟ್ಟೆಯನ್ನು ಓರೆ ಮಾಡಿ. ಬಂಗಾರದ ಪುಡಿಯಂತೆ ಮಿನುಗುವ ಕಣಗಳು ಎಣ್ಣೆಯ ಜೊತೆ ಹರಿದರೆ ಅವು ಸಿಂಕ್ರೋ ರಿಂಗಿನವೇ ಇರಬಹುದು.

ತುಂಬುವ ಎಣ್ಣೆಯ ದರ್ಜೆ ಮ್ಯಾನ್ಯುಯಲ್‌ನಲ್ಲಿ ಇರುವುದೇ ಆಗಿರಲಿ. ಜಿಎಲ್-4 ಕೇಳುವ ಗೇರ್‌ಬಾಕ್ಸ್‌ಗೆ, ಹೆಚ್ಚಿನ ಅಂಕಿ ಒಳ್ಳೆಯದೆಂದು ಜಿಎಲ್-5 ಹಾಕುವವರಿದ್ದಾರೆ. ಜಿಎಲ್-5ರಲ್ಲಿ ಗಂಧಕ, ರಂಜಕದ ಸೇರಿಕೆ ಹೆಚ್ಚು. ಕೆಲವು ಎಣ್ಣೆಗಳಲ್ಲಿ ಅದು ಹಿತ್ತಾಳೆಯನ್ನು ತಿನ್ನುತ್ತದೆ, ಕೋನ್ ಮೇಲೆ ರಿಂಗಿನ ಹಿಡಿತವನ್ನೂ ಜಾರಿಸುತ್ತದೆ. ಚಳಿಗಾಲದ ಬೆಳಿಗ್ಗೆ ಮೊದಲ ಒಂದೆರಡು ಕಿಲೋಮೀಟರ್ ಮಾತ್ರ ಸೆಕೆಂಡ್ ಗಟ್ಟಿಯಾಗಿ ಬೀಳುತ್ತಿದ್ದು ಆಮೇಲೆ ಸರಿಹೋದರೆ ಅದು ದಪ್ಪಗಾದ ಎಣ್ಣೆಯ ಕೆಲಸ, ಏನನ್ನೂ ಬಿಚ್ಚಬೇಡಿ.

ಬಿಚ್ಚಲೇಬೇಕಾಗಿ ಬಂದರೆ, ರಿಂಗನ್ನು ಅದರ ಕೋನ್ ಮೇಲೆ ಕೂರಿಸಿ ಹೆಬ್ಬೆರಳಿನಿಂದ ಒತ್ತಿ ತಿರುಗಿಸಿ. ಚೆನ್ನಾಗಿರುವುದು ಕಚ್ಚಿ ಹಿಡಿಯುತ್ತದೆ, ಸವೆದದ್ದು ನುಣ್ಣಗೆ ಜಾರುತ್ತದೆ. ರಿಂಗಿಗೂ ಡಾಗ್ ಹಲ್ಲಿಗೂ ನಡುವೆ ಫೀಲರ್ ಗೇಜ್ (ತೆಳು ಅಳತೆಪಟ್ಟಿ) ಇಟ್ಟು ಸುತ್ತಲೂ ಮೂರು ನಾಲ್ಕು ಕಡೆ ಅಂತರ ಅಳೆಯಿರಿ. ಸವೆದಂತೆ ಅದು ಕಡಿಮೆಯಾಗುತ್ತದೆ. ರಿಂಗ್ ಜೊತೆ ಸ್ಲೀವ್ ಮತ್ತು ಡಾಗ್ ಹಲ್ಲಿನ ತುದಿಗಳನ್ನೂ ನೋಡಿ. ಅವು ಮೊಂಡಾಗಿದ್ದರೆ ಹೊಸ ರಿಂಗ್ ಒಂದೇ ಹಾಕಿ ಫಲವಿಲ್ಲ. ಗೇರ್‌ಬಾಕ್ಸ್ ಹೇಗೂ ಕೆಳಗಿರುವಾಗ ಕ್ರ್ಯಾಂಕಿನ ಹಿಂಬದಿಯ ಆಯಿಲ್ ಸೀಲ್, ಇನ್‌ಪುಟ್ ಶಾಫ್ಟ್ ಸೀಲ್, ರಿಲೀಸ್ ಬೇರಿಂಗ್ ಮೂರನ್ನೂ ಪರೀಕ್ಷಿಸಿ, ಮಾಲೀಕರಿಗೆ ತೋರಿಸಿ, ಅವರ ಒಪ್ಪಿಗೆ ಪಡೆದು ಬದಲಿಸಿ. ಅಲ್ಲಿಗೆ ಮತ್ತೆ ಕೈ ಹಾಕಬೇಕಾದರೆ ಅವರು ಇಷ್ಟೇ ಕೂಲಿಯನ್ನು ಇನ್ನೊಮ್ಮೆ ಕೊಡಬೇಕಾಗುತ್ತದೆ.