ವಾಷಿಂಗ್ಟನ್ ಹೆಸರಿನೊಳಗೆ ಒಂದು ಬೇಲಿ ಇದೆ

ಪ್ರಶ್ನೆ: ಕ್ರಿಕೆಟ್ ನೋಡುವಾಗ ವಾಷಿಂಗ್ಟನ್ ಸುಂದರ್ ಹೆಸರು ಬಂದಾಗಲೆಲ್ಲ ನನ್ನ ಮಗಳು ‘ವಾಷಿಂಗ್ಟನ್ ಅಂದ್ರೆ ಬಟ್ಟೆ ವಾಷ್ ಮಾಡೋರಾ?’ ಅಂತ ಕೇಳುತ್ತಾಳೆ. ಈ ಹೆಸರಿನ ಮೂಲ ಯಾವುದು? ಅಮೆರಿಕದ್ದೇ ಅಲ್ವಾ?

ಉತ್ತರ: ಬಟ್ಟೆ ಒಗೆಯುವುದಕ್ಕೂ ಇದಕ್ಕೂ ಸಂಬಂಧವಿಲ್ಲ. ಅಮೆರಿಕದ್ದೂ ಅಲ್ಲ. ಇದು ಇಂಗ್ಲೆಂಡಿನ ಉತ್ತರಕ್ಕೆ, ಡರ್ಹಮ್ ಸೀಮೆಯಲ್ಲಿದ್ದ ಒಂದು ಹಳ್ಳಿಯ ಹೆಸರು. ಆ ಹಳ್ಳಿಗೆ ಹೆಸರು ಬಂದದ್ದು ಆಂಗ್ಲೋ-ಸ್ಯಾಕ್ಸನ್ನರ ಮಾತಿನಿಂದ, ಅಂದರೆ ಹಳೆಯ ಇಂಗ್ಲಿಷಿನಿಂದ.

ಹೆಸರನ್ನು ಬಿಡಿಸಿದರೆ ಮೂರು ತುಂಡು. ಮೊದಲನೆಯದು ವಾಸ್ಸಾ, ಒಬ್ಬ ಮನುಷ್ಯನ ಹೆಸರು. ಎರಡನೆಯದು ‘ಇಂಗ್’. ನಾವು ‘ಇಂಥವರ ಕಡೆಯವರು’ ಅನ್ನುತ್ತೇವಲ್ಲ, ಹೆಚ್ಚುಕಡಿಮೆ ಅದೇ ಅರ್ಥ. ಮೂರನೆಯದು ‘ಟೂನ್’. ಮೊದಮೊದಲು ಈ ಮಾತಿಗೆ ಬೇಲಿ ಹಾಕಿದ ಜಾಗ ಎಂಬ ಅರ್ಥವಿತ್ತು. ಆಮೇಲೆ ಹೊಲಮನೆ, ಆಮೇಲೆ ಹಳ್ಳಿ ಎಂದಾಯಿತು. ಇಂದಿನ ಇಂಗ್ಲಿಷಿನ ‘ಟೌನ್’ ಹುಟ್ಟಿದ್ದೂ ಇದರಿಂದಲೇ. ಇದರ ನೆಂಟ ಪದ ಜರ್ಮನ್ ಭಾಷೆಯಲ್ಲಿ ‘ತ್ಸೌನ್’. ಅಲ್ಲಿ ಇವತ್ತಿಗೂ ಅದರ ಅರ್ಥ ಬೇಲಿ.

ರಾಮನಗರ, ಮಂಡ್ಯದ ಕಡೆ ಓಡಾಡಿದವರಿಗೆ ಇದು ಥಟ್ಟನೆ ಅರ್ಥವಾಗುತ್ತದೆ. ಅಲ್ಲಿ ಯಾರದೋ ಹೆಸರಿನ ಮುಂದೆ ‘ದೊಡ್ಡಿ’ ಸೇರಿ ಊರಿನ ಹೆಸರಾಗಿರುವುದು ಬೇಕಾದಷ್ಟಿದೆ. ದೊಡ್ಡಿ ಅಂದರೂ ದನ ಕೂಡುವ ಬೇಲಿಯ ಜಾಗವೇ ತಾನೆ? ಒಂದು ದೇಶದ ರಾಜಧಾನಿಯ ಹೆಸರು ಹೀಗೆ ‘ವಾಸ್ಸಾ ಕಡೆಯವರ ದೊಡ್ಡಿ’ ಎಂದು ತಿಳಿದಾಗ ನನಗೆ ತುಂಬಾ ಖುಷಿಯಾಗಿತ್ತು.

ಹಾಗಾದರೆ ವಾಷಿಂಗ್ಟನ್ ಮನೆತನದವರು ಈ ವಾಸ್ಸಾನ ವಂಶದವರಾ? ಹಾಗೇನೂ ಇಲ್ಲ. ಊರಿನ ಹೆಸರು ಮನೆತನಕ್ಕೆ ಬಂದದ್ದು ಎಷ್ಟೋ ಕಾಲದ ಮೇಲೆ. 12ನೇ ಶತಮಾನದಲ್ಲಿ ವಿಲಿಯಂ ಎಂಬ ಜಮೀನ್ದಾರನಿದ್ದ. ಹರ್ಟ್‌ಬರ್ನ್ ಊರಿನವನಾದ್ದರಿಂದ ‘ವಿಲಿಯಂ ಡಿ ಹರ್ಟ್‌ಬರ್ನ್’ ಎಂದು ಕರೆಯುತ್ತಿದ್ದರು. ಅವನು ಡರ್ಹಮ್ ಬಿಷಪ್ಪನ ಜೊತೆ ಜಮೀನು ಅದಲುಬದಲು ಮಾಡಿಕೊಂಡು ಈ ಹಳ್ಳಿಗೆ ಬಂದ. 1183ರಲ್ಲಿ ಬರೆದ ಬಿಷಪ್ಪನ ಜಮೀನು ಲೆಕ್ಕದಲ್ಲಿ ಈ ಊರು ಅವನ ಕೈಯಲ್ಲಿರುವುದು ದಾಖಲಾಗಿದೆ. ಊರು ಬದಲಾಯಿತು, ಹೆಸರೂ ‘ವಿಲಿಯಂ ಡಿ ವೆಸಿಂಗ್ಟನ್’ ಎಂದು ಬದಲಾಯಿತು. ಆ ‘ಡಿ’ ನಾರ್ಮನ್ ದೊರೆಗಳ ಫ್ರೆಂಚ್ ರೂಢಿ. ಮುಂದೆ ಅದು ಬಿದ್ದುಹೋಯಿತು. ಊರಿನ ಹೆಸರು ಮಾತ್ರ ಉಳಿದು, ಉಚ್ಚಾರ ಸವೆಯುತ್ತಾ ವಾಷಿಂಗ್ಟನ್ ಆಯಿತು.

ಮನೆತನದ ಒಂದು ಕವಲು ದಕ್ಷಿಣಕ್ಕೆ ಬಂತು. ಉಣ್ಣೆ ವ್ಯಾಪಾರಿ ಲಾರೆನ್ಸ್ ವಾಷಿಂಗ್ಟನ್ 1539ರಲ್ಲಿ ಸಲ್‌ಗ್ರೇವ್ ಎಂಬಲ್ಲಿ ಜಮೀನು ಕೊಂಡ. ಅವನದೇ ಹೆಸರಿನ ಇನ್ನೊಬ್ಬ ಲಾರೆನ್ಸ್, ಅದೇ ವಂಶದ ಪಾದ್ರಿ, ಇಂಗ್ಲೆಂಡಿನ ಅಂತರ್ಯುದ್ಧದ ಹೊತ್ತಿಗೆ, 1643ರಲ್ಲಿ, ತನ್ನ ಚರ್ಚಿನ ಹುದ್ದೆ ಕಳೆದುಕೊಂಡ. ಮನೆ ಕಷ್ಟಕ್ಕೆ ಬಿತ್ತು. ಅವನ ಮಗ ಜಾನ್ ಹೊಗೆಸೊಪ್ಪಿನ ವ್ಯಾಪಾರದ ಹಡಗು ಹತ್ತಿ ಅಮೆರಿಕದ ವರ್ಜೀನಿಯಾಕ್ಕೆ ಹೋದ. 1657ರಲ್ಲಿ ವಾಪಸ್ ಹೊರಡುವಾಗ ಪೊಟೋಮ್ಯಾಕ್ ನದಿಯಲ್ಲಿ ಹಡಗು ಮರಳಿಗೆ ಸಿಕ್ಕಿಕೊಂಡಿತು. ಜಾನ್ ಅಲ್ಲೇ ಉಳಿದ, ಮದುವೆಯಾದ. ಅವನ ಮರಿಮೊಮ್ಮಗನೇ 1732ರಲ್ಲಿ ಹುಟ್ಟಿದ ಜಾರ್ಜ್ ವಾಷಿಂಗ್ಟನ್, ಅಮೆರಿಕದ ಮೊದಲ ಅಧ್ಯಕ್ಷರು. ಅವರ ಹೆಸರಿನ ರಾಜಧಾನಿ ಇರುವುದೂ ಅದೇ ಪೊಟೋಮ್ಯಾಕ್ ದಡದಲ್ಲಿ.

ಇಲ್ಲಿಂದಾಚೆಗಿನ ಕಥೆಯೇ ನನ್ನ ಮನಸ್ಸಿಗೆ ಜಾಸ್ತಿ ನಾಟಿದ್ದು. ಜಾರ್ಜ್‌ಗೆ ಸ್ವಂತ ಮಕ್ಕಳಿರಲಿಲ್ಲ. ಆದರೂ 2000ದ ಜನಗಣತಿಯಲ್ಲಿ ಅಮೆರಿಕದಲ್ಲಿ ಈ ಅಡ್ಡಹೆಸರಿನ 1,63,036 ಮಂದಿ ಇದ್ದರು. ಅವರಲ್ಲಿ ಸುಮಾರು 90% ಆಫ್ರಿಕನ್ ಅಮೆರಿಕನ್ನರು. ಗುಲಾಮರಾಗಿದ್ದ ಎಷ್ಟೋ ಜನರಿಗೆ ಯಾರೂ ಲೆಕ್ಕಕ್ಕೆ ಹಿಡಿಯುವ ಅಡ್ಡಹೆಸರೇ ಇರಲಿಲ್ಲ. ಬಿಡುಗಡೆಯಾದ ಮೇಲೆ ಅವರಲ್ಲಿ ಹಲವರು ಈ ಹೆಸರನ್ನು ತಾವೇ ಆರಿಸಿಕೊಂಡರು. ಗುಲಾಮಗಿರಿಯಲ್ಲಿ ಹುಟ್ಟಿದ ಬುಕರ್ ಎಂಬ ಹುಡುಗ ಶಾಲೆಗೆ ಹೋದಾಗ, ಹಾಜರಿಯಲ್ಲಿ ಉಳಿದ ಮಕ್ಕಳಿಗೆಲ್ಲ ಎರಡೆರಡು ಹೆಸರು, ಇವನಿಗೆ ಒಂದೇ. ಮೇಷ್ಟ್ರು ಕೇಳಿದಾಗ ‘ಬುಕರ್ ವಾಷಿಂಗ್ಟನ್’ ಎಂದುಬಿಟ್ಟ. ಮುಂದೆ ಟಸ್ಕೀಗಿಯ ಶಿಕ್ಷಣ ಸಂಸ್ಥೆಯನ್ನು ಕಟ್ಟಿ ಬೆಳೆಸಿದ ಬುಕರ್ ಟಿ. ವಾಷಿಂಗ್ಟನ್ ಅವರೇ ಆ ಹುಡುಗ. ಜಮೀನಿನ ಜೊತೆ ಬಂದ ಹೆಸರನ್ನು ಅಂಗೈಯಗಲ ಜಮೀನೂ ಇಲ್ಲದವರು ತಮ್ಮದಾಗಿಸಿಕೊಂಡರು.

ಇನ್ನು ನಿಮ್ಮ ಮಗಳ ಕ್ರಿಕೆಟಿಗ. ಸುಂದರ್ ಅವರ ತಂದೆ ಚಿಕ್ಕವರಿದ್ದಾಗ ಮನೆಯಲ್ಲಿ ಬಡತನ. ಚೆನ್ನೈನ ತಿರುವಲ್ಲಿಕೇಣಿಯಲ್ಲಿ ಹತ್ತಿರದಲ್ಲೇ ಇದ್ದ ಒಬ್ಬ ನಿವೃತ್ತ ಸೈನಿಕರು ಅವರ ಸ್ಕೂಲ್ ಫೀಸು ಕಟ್ಟಿದರು, ಯೂನಿಫಾರ್ಮ್ ಕೊಡಿಸಿದರು, ಸೈಕಲ್ ಮೇಲೆ ಕೂರಿಸಿಕೊಂಡು ಮೈದಾನಕ್ಕೆ ಕರೆದೊಯ್ದರು. ಆ ಸೈನಿಕರ ಹೆಸರಿನಲ್ಲಿ ವಾಷಿಂಗ್ಟನ್ ಇತ್ತು. 1999ರಲ್ಲಿ ಅವರು ತೀರಿಕೊಂಡರು. ಅದೇ ವರ್ಷ ಹುಟ್ಟಿದ ಮಗನಿಗೆ ತಂದೆ ಆ ಹೆಸರಿಟ್ಟರು.