ಒಡೆದು ಓದಿದ ಲಕೋಟೆಗಳು: ಕಡಲಾಚೆಯ ಸಿಪಾಯಿಗಳ ಪತ್ರಗಳ ಹಿನ್ನೆಲೆ

ಮೊದಲ ಮಹಾಯುದ್ಧದಲ್ಲಿ ಬ್ರಿಟನ್ನಿನ ಪರವಾಗಿ ಹೋರಾಡಲು ಭಾರತದಿಂದ ಹೊರಟ ಲಾಹೋರ್ ಡಿವಿಜನ್ ಎಂಬ ಸೇನಾ ವಿಭಾಗದ ಮೊದಲ ತುಕಡಿಗಳು 1914ರ ಸೆಪ್ಟೆಂಬರ್ ಕೊನೆಯಲ್ಲಿ ಫ್ರಾನ್ಸಿನ ಮಾರ್ಸೇಲ್ಸ್ ಬಂದರಿನಲ್ಲಿ ಇಳಿದವು. ಆಗ ಬ್ರಿಟಿಷ್ ಸರ್ಕಾರದ ನಿದ್ದೆ ಕೆಡಿಸಿದ್ದು ಸಿಪಾಯಿಗಳು ಊರಿಗೆ ಬರೆಯುವ ಕಾಗದವಲ್ಲ, ಅವರ ಕೈಸೇರಬಹುದಾದ ಟಪಾಲು. ಉತ್ತರ ಅಮೆರಿಕದ ಪಶ್ಚಿಮ ಕರಾವಳಿಗೆ ವಲಸೆ ಹೋಗಿದ್ದ ಪಂಜಾಬಿಗಳು ಬ್ರಿಟಿಷ್ ಆಳ್ವಿಕೆಯನ್ನು ಕಿತ್ತೊಗೆಯಲು 1913ರಲ್ಲಿ ಕಟ್ಟಿದ್ದ ಗದರ್ ಪಕ್ಷದ ಪತ್ರಿಕೆ, ಕರಪತ್ರಗಳು ಅಂಚೆಯ ಮೂಲಕವೇ ಪಲ್ಟಣಗಳೊಳಗೆ ನುಸುಳುತ್ತವೆಂಬ ಭಯದಿಂದ ಭಾರತೀಯ ಅಂಚೆಯ ತಪಾಸಣೆ ಆರಂಭವಾಯಿತು. ಅದರ ಹೊಣೆ ಹೊತ್ತ ಅಧಿಕಾರಿ ಇ. ಬಿ. ಹಾವೆಲ್, ಕಚೇರಿ ನೆಲೆನಿಂತದ್ದು ಫ್ರಾನ್ಸಿನ ಬುಲೋನ್ ಪಟ್ಟಣದಲ್ಲಿ.

ರಾಜದ್ರೋಹವನ್ನು ಹುಡುಕಲು ಹೊರಟ ಈ ಕಚೇರಿಗೆ ಸಿಕ್ಕಿದ್ದು ಬೇರೆಯೇ ಸಂಗತಿ. 1915ರ ಮಾರ್ಚ್ ವೇಳೆಗೆ ಫ್ರಾನ್ಸಿನಲ್ಲಿದ್ದ ಭಾರತೀಯ ಸಿಪಾಯಿಗಳು ವಾರಕ್ಕೆ 10,000ದಿಂದ 20,000 ಪತ್ರಗಳನ್ನು ಬರೆಯುತ್ತಿದ್ದರು. ಎಲ್ಲವನ್ನೂ ಓದುವುದು ಬೆರಳೆಣಿಕೆಯ ಸಿಬ್ಬಂದಿಗೆ ಸಾಧ್ಯವಿರಲಿಲ್ಲ. ಕೆಲವನ್ನು ಆಯ್ದು, ಮುಖ್ಯ ಭಾಗಗಳನ್ನು ಇಂಗ್ಲಿಷಿಗೆ ಅನುವಾದಿಸಿ, ಸೈನಿಕರ ಮನಃಸ್ಥಿತಿಯ ಕುರಿತು ವಾರದ ವರದಿಯೊಂದಿಗೆ ಲಂಡನ್ನಿಗೆ ಕಳುಹಿಸುವ ಪದ್ಧತಿ ಬೆಳೆಯಿತು. ಆ ವರದಿಗಳು ಇಂದು ಬ್ರಿಟಿಷ್ ಲೈಬ್ರರಿಯಲ್ಲಿವೆ. ಪತ್ರಗಳ ಮೂಲ ಪ್ರತಿಗಳು ಬಹುಪಾಲು ಉಳಿದಿಲ್ಲ. ಯಾರ ಕಣ್ಣು ತಪ್ಪಿಸಲು ಸಿಪಾಯಿ ಹೆಣಗುತ್ತಿದ್ದನೋ ಅವರೇ ಅವನ ಮಾತನ್ನು ಉಳಿಸಿಕೊಟ್ಟರು.

ಆದರೆ ಈ ಪತ್ರಗಳು ಬುಲೋನ್ ತಲುಪುವ ಮೊದಲೂ ಖಾಸಗಿಯಾಗಿರಲಿಲ್ಲ. ಓದುಬರಹ ಬಲ್ಲ ಸಿಪಾಯಿಗಳು ಕಡಿಮೆಯಿದ್ದುದರಿಂದ ಅಕ್ಷರ ಬಲ್ಲ ಸಂಗಡಿಗನೊಬ್ಬ ಹೇಳಿದ್ದನ್ನು ಬರೆದುಕೊಡುತ್ತಿದ್ದ. ರೆಜಿಮೆಂಟಿನ ಅಧಿಕಾರಿ ಅದರ ಮೇಲೆ ಕಣ್ಣಾಡಿಸುತ್ತಿದ್ದ. ಊರಿನಲ್ಲಿ ಮತ್ತೊಬ್ಬ ಅಕ್ಷರಸ್ಥ ಮನೆಮಂದಿಯ ನಡುವೆ ಅದನ್ನು ಗಟ್ಟಿಯಾಗಿ ಓದುತ್ತಿದ್ದ. ಮನಿಯಾರ್ಡರಿನ ಅಡಿಯಲ್ಲಿದ್ದ ಎರಡು ಸಾಲನ್ನೂ ಅಂಚೆಯವನಿಂದಲೇ ಓದಿಸಿಕೊಳ್ಳುತ್ತಿದ್ದ ಕಾಲವನ್ನು ಕಂಡ ನಮ್ಮ ಹಿರಿಯರಿಗೆ ಇದು ಅಪರಿಚಿತವೆನಿಸದು. ಇಷ್ಟು ಜನರ ಕಿವಿಗೆ ಬೀಳುವ ಕಾಗದದಲ್ಲಿ ಏನನ್ನು ಹೇಳಬಹುದು, ಏನನ್ನು ನುಂಗಿಕೊಳ್ಳಬೇಕು ಎಂಬುದು ಬರೆಸುವವನಿಗೆ ಚೆನ್ನಾಗಿ ಗೊತ್ತಿತ್ತು. ಹೆಂಡತಿಗೆ ನೇರವಾಗಿ ಬರೆದ ಪತ್ರಗಳು ವಿರಳವಾಗಿರುವುದಕ್ಕೆ ಇದೂ ಒಂದು ಕಾರಣವಿರಬೇಕು.

ಹೇಳಲೇಬೇಕಾದುದನ್ನು ಹೇಳಲು ಸಂಕೇತಗಳು ಹುಟ್ಟಿಕೊಂಡವು. ಕರಿಮೆಣಸು ಮುಗಿಯುತ್ತ ಬಂದಿದೆ, ಈಗ ಕೆಂಪು ಮೆಣಸನ್ನು ಬಳಸುತ್ತಿದ್ದಾರೆ ಎಂಬರ್ಥದ ಮಾತು ಒಂದು ಪತ್ರದಲ್ಲಿ ಬರುತ್ತದೆ. ಕರಿಮೆಣಸೆಂದರೆ ಭಾರತೀಯರು, ಕೆಂಪು ಮೆಣಸೆಂದರೆ ಬಿಳಿಯ ಸೈನಿಕರು; ಇದನ್ನು ಬಿಡಿಸಲು ದೊಡ್ಡ ಪಾಂಡಿತ್ಯವೇನೂ ಬೇಕಿರಲಿಲ್ಲ. ಕಾಯಿಲೆಯ ನೆಪಕ್ಕೆ ಬೇಕಾದ ಕರಿಗೇರಿನ ಬೀಜವನ್ನು ಊರಿನಿಂದ ತರಿಸಿಕೊಳ್ಳಲು ಬರೆದವರೂ ಇದ್ದರು. ಅದರ ರಸ ಮೈಗೆ ತಾಗಿದರೆ ಚರ್ಮ ಸುಟ್ಟು ಬೊಬ್ಬೆ ಏಳುತ್ತದೆಂಬುದು ಬಟ್ಟೆಗೆ ಗುರುತು ಹಾಕುತ್ತಿದ್ದ ನಮ್ಮ ಅಗಸರಿಗೂ ಗೊತ್ತಿದ್ದ ವಿಷಯ. ಇದು ಯುದ್ಧವಲ್ಲ, ಪ್ರಪಂಚದ ಅಂತ್ಯ ಎಂದು ಬರೆದ ಗಾಯಾಳುವಿನ ಪತ್ರದಲ್ಲಿ ಮಾತ್ರ ಯಾವ ಮುಸುಕೂ ಇಲ್ಲ. ಸಿಪಾಯಿಗಳ ಪತ್ರಗಳಲ್ಲಿ ಪದ್ಯಗಳು ಹೆಚ್ಚತೊಡಗಿದ್ದನ್ನು ಹಾವೆಲ್ ಮನಸ್ಸು ಕದಡಿರುವುದರ ಅಪಶಕುನವೆಂದು ಓದಿದ. ಆ ಕಚೇರಿಯ ಸೂಕ್ಷ್ಮ ಗ್ರಹಿಕೆಗಳಲ್ಲಿ ಇದೊಂದು.

ಇಷ್ಟಕ್ಕೂ ಸರ್ಕಾರ ಹೆದರಿದ್ದು ಯಾವುದಕ್ಕೆ? ರಣತಂತ್ರದ ಗುಟ್ಟುಗಳು ಸಾಮಾನ್ಯ ಸಿಪಾಯಿಗೆ ಗೊತ್ತಿರುತ್ತಿರಲಿಲ್ಲ. ಭಯವಿದ್ದದ್ದು ಸೇನಾ ನೇಮಕಾತಿಯ ಕುರಿತು. ಪಂಜಾಬ್, ಗಢವಾಲ್, ನೇಪಾಳ, ವಾಯವ್ಯ ಗಡಿಗಳ ಆಯ್ದ ಸಮುದಾಯಗಳಿಂದ, ಅದರಲ್ಲೂ ಒಂದೇ ಊರಿನ, ಒಂದೇ ಮನೆತನದ ಅಣ್ಣತಮ್ಮಂದಿರನ್ನು ಪಲ್ಟಣಕ್ಕೆ ಸೇರಿಸಿಕೊಳ್ಳುವುದು ಅಂದಿನ ಪದ್ಧತಿಯಾಗಿದ್ದುದರಿಂದ, ತಮ್ಮನನ್ನು ಕಳುಹಿಸಬೇಡಿ ಎಂಬ ಒಂದು ಸಾಲು ಇಡೀ ಊರಿನ ಬಾಗಿಲನ್ನು ಮುಚ್ಚಿಸಬಲ್ಲುದಾಗಿತ್ತು. ಇಂಗ್ಲೆಂಡಿನ ಬ್ರೈಟನ್‌ನಲ್ಲಿ ಹಿಂದೆ ರಾಜರ ಅರಮನೆಯಾಗಿದ್ದ ರಾಯಲ್ ಪೆವಿಲಿಯನ್ನನ್ನೇ ಭಾರತೀಯ ಗಾಯಾಳುಗಳ ಆಸ್ಪತ್ರೆಯಾಗಿಸಿ, ಹಿಂದೂ ಮುಸ್ಲಿಮರಿಗೆ ಬೇರೆ ಬೇರೆ ಅಡುಗೆಮನೆಗಳನ್ನು ಏರ್ಪಡಿಸಿ, ಅದರ ಚಿತ್ರಗಳನ್ನು ಪ್ರಚಾರ ಮಾಡಿದ್ದರ ಹಿಂದೆಯೂ ಈ ಲೆಕ್ಕಾಚಾರವಿತ್ತು. ಅಲ್ಲಿಂದ ಬಂದ ಹಲವು ಪತ್ರಗಳು ಆ ಜಾಗವನ್ನು ಸ್ವರ್ಗಕ್ಕೆ ಹೋಲಿಸುತ್ತವೆ. ಗಾಯ ಮಾಯ್ದವರನ್ನು ಮತ್ತೆ ಕಂದಕಗಳಿಗೆ ಅಟ್ಟುತ್ತಿದ್ದಾರೆಂಬ ಅಳಲೂ ಗಾಯಾಳುಗಳ ಪತ್ರಗಳಲ್ಲಿ ಅಷ್ಟೇ ದಟ್ಟವಾಗಿದೆ. ಎರಡನ್ನೂ ನಂಬಬೇಕಾಗುತ್ತದೆ.

ಪದಾತಿ ಡಿವಿಜನ್ನುಗಳನ್ನು 1915ರ ಕೊನೆಯಲ್ಲಿ ಮೆಸೊಪೊಟೇಮಿಯಾಕ್ಕೆ (ಈಗಿನ ಇರಾಕ್) ಕಳುಹಿಸಿದ ಮೇಲೆ ಫ್ರಾನ್ಸಿನಲ್ಲಿ ಮುಖ್ಯವಾಗಿ ಉಳಿದದ್ದು ಅಶ್ವದಳ. ಹಳ್ಳಿಗಳಲ್ಲಿ, ಫ್ರೆಂಚ್ ರೈತರ ಮನೆಗಳಲ್ಲಿ ತಂಗಿದ್ದ ಈ ಸವಾರರ ಪತ್ರಗಳ ಧಾಟಿ ಬೇರೆ. ಗಂಡಸರು ಯುದ್ಧಕ್ಕೆ ಹೋದಾಗ ಹೊಲ, ಹಟ್ಟಿ, ಲೆಕ್ಕ ಎಲ್ಲವನ್ನೂ ನಡೆಸುತ್ತಿದ್ದ ಹೆಂಗಸರನ್ನು ಕಂಡು, ನಮ್ಮ ಹೆಣ್ಣುಮಕ್ಕಳನ್ನೂ ಶಾಲೆಗೆ ಕಳುಹಿಸಿ ಎಂದು ಊರಿಗೆ ಬರೆದವರು ಹಲವರು. ಊರಿನಿಂದ ಬರುತ್ತಿದ್ದ ಪತ್ರಗಳಲ್ಲಿ ಜಮೀನಿನ ವ್ಯಾಜ್ಯ, ಮದುವೆಯ ಮಾತುಕತೆ, ಪ್ಲೇಗಿನ ಸಾವುಗಳ ಸುದ್ದಿ ಇರುತ್ತಿತ್ತು.

ಈ ಸಂಗ್ರಹದಲ್ಲಿ ಕನ್ನಡವನ್ನು ಹುಡುಕುವವರು ಒಂದು ಸಂಗತಿಯನ್ನು ನೆನಪಿಡಬೇಕು. ಮೈಸೂರು ಸಂಸ್ಥಾನದ ಅಶ್ವದಳವಾದ ಲ್ಯಾನ್ಸರ್ಸ್ ಹೋದದ್ದು ಫ್ರಾನ್ಸಿಗಲ್ಲ, ಈಜಿಪ್ಟಿಗೆ. ಸೂಯೆಜ್ ಕಾಲುವೆಯ ಕಾವಲಿನಲ್ಲಿದ್ದು, ಮುಂದೆ 1918ರ ಸೆಪ್ಟೆಂಬರ್ 23ರಂದು ಜೋಧಪುರದ ಸವಾರರ ಜೊತೆ ಈಗಿನ ಇಸ್ರೇಲಿನ ಹೈಫಾ ಪಟ್ಟಣವನ್ನು ಗೆದ್ದ ಈ ದಳಕ್ಕೆ ಬೆಂಗಳೂರಿನ ಜಯಚಾಮರಾಜೇಂದ್ರ ನಗರದಲ್ಲಿ ಸ್ಮಾರಕವಿದೆ. ಬುಲೋನ್ ಕಚೇರಿ ಓದಿದ್ದು ಯೂರೋಪಿನಲ್ಲಿದ್ದವರ ಟಪಾಲನ್ನು. ಹಾಗಾಗಿ ಮೊದಲ ಮಹಾಯುದ್ಧದ ‘ಭಾರತೀಯ ಸಿಪಾಯಿಯ ದನಿ’ ಎಂದು ನಾವು ಓದುವುದು ಹೆಚ್ಚಾಗಿ ಉತ್ತರ ಭಾರತದ ದನಿ, ಅದೂ ಇಂಗ್ಲಿಷ್ ಅನುವಾದದಲ್ಲಿ.

ಎರಡನೇ ಮಹಾಯುದ್ಧದಲ್ಲೂ ಸೈನಿಕರ ಟಪಾಲನ್ನು ಓದಿ ವರದಿ ಬರೆಯುವ ಕೆಲಸ ಮುಂದುವರಿಯಿತು; ಆದರೆ ಸರ್ಕಾರದ ಚಿಂತೆ ದಿಕ್ಕು ಬದಲಿಸಿತ್ತು. 1915ರಲ್ಲಿ ರಣರಂಗದ ಸುದ್ದಿ ಹಳ್ಳಿಗೆ ಮುಟ್ಟೀತೆಂಬ ಭಯವಿದ್ದರೆ, 1943ರಲ್ಲಿ ಹಳ್ಳಿಯ ಸುದ್ದಿ ರಣರಂಗಕ್ಕೆ ಮುಟ್ಟೀತೆಂಬ ಭಯ. ಧಾನ್ಯದ ಬೆಲೆ ಕೈಮೀರಿದೆ, ನೀನು ಕಳುಹಿಸಿದ ಹಣ ಸಾಲುತ್ತಿಲ್ಲ ಎಂಬ ಮನೆಯವರ ಕಾಗದಗಳು, ಜೊತೆಗೆ ಬಂಗಾಳದ ಬರದ ವಾರ್ತೆ, ಮಧ್ಯಪ್ರಾಚ್ಯದಲ್ಲಿದ್ದ ಸಿಪಾಯಿಗಳ ನೆಮ್ಮದಿ ಕೆಡಿಸಿದವು. ಹೊತ್ತಿಗೆ ಸರಿಯಾಗಿ ಊಟ ಸಿಗುತ್ತಿದ್ದ ಸೈನಿಕನಿಗೆ ಮನೆಯವರ ಹೊಟ್ಟೆಯದೇ ಯೋಚನೆಯಾಯಿತು. ಲಕೋಟೆ ಒಡೆದು ಸಾಲು ಅಳಿಸುವುದರಿಂದ ಇದಕ್ಕೆ ಪರಿಹಾರ ಸಿಗುವಂತಿರಲಿಲ್ಲ. ಕುಟುಂಬಗಳ ದೂರು, ವ್ಯಾಜ್ಯ, ಬಾಕಿ ಹಣದ ವಿಚಾರಗಳನ್ನು ಊರಿನಲ್ಲೇ ನೋಡಿಕೊಳ್ಳುವ ಕೆಲಸ ಮೊದಲ ಯುದ್ಧದ ಕಾಲದಲ್ಲಿ ಬೇರುಬಿಟ್ಟಿದ್ದ ಜಿಲ್ಲಾ ಸೈನಿಕ ಮಂಡಳಿಗಳ ಹೆಗಲಿಗೆ ಬಿತ್ತು; ಈಗಿನ ಜಿಲ್ಲಾ ಸೈನಿಕ ಕಲ್ಯಾಣ ಕಚೇರಿಗಳು ಅವುಗಳ ಮುಂದುವರಿಕೆ.